ಕೈಗೆಟುಕುವ ಸ್ಪೋರ್ಟ್ಸ್ ಕಾರು: ಕೊಳ್ಳುವುದು ಹೇಗೆ, ಮೊದಲು ಏನನ್ನು ಬದಲಿಸಬೇಕು? ಕರಾವಳಿ ಮತ್ತು ಘಟ್ಟದ ಮೇಲಿನವರಿಗೊಂದು ಮಾರ್ಗದರ್ಶಿ

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಭಾಗದ ಓದುಗರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಓಡಿಸಲು ನಿಜವಾಗಿ ಖುಷಿ ಕೊಡುವ ಹಳೆಯ ಕಾರೊಂದನ್ನು ಕೈಗೆಟುಕುವ ಬೆಲೆಗೆ ಕೊಂಡು, ಹಣ ಕೂಡಿದ ಹಾಗೆ ಅದನ್ನು ಸ್ವಲ್ಪ ಸ್ವಲ್ಪವೇ ಮಾರ್ಪಡಿಸಬೇಕೆಂದಿದ್ದೇವೆ, ಎಲ್ಲಿಂದ ಶುರು ಮಾಡಬೇಕು ಎಂಬುದೇ ಆ ಪ್ರಶ್ನೆ. ಕೇಳುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ: ಗಡಸು ದನಿಯ ಸೈಲೆನ್ಸರ್, ದೊಡ್ಡ ಅಲಾಯ್ ಚಕ್ರ, ತಗ್ಗಿಸಿದ ಸ್ಪ್ರಿಂಗ್, ಎಂಜಿನ್‌ಗೆ ಹೆಚ್ಚಿನ ಶಕ್ತಿ. ಈ ಪಟ್ಟಿಯನ್ನು ತಲೆಕೆಳಗಾಗಿ ಹಿಡಿಯಬೇಕೆಂಬುದು ನನ್ನ ಸಲಹೆ. ದೇವಿಮನೆ, ಅರಬೈಲು, ಅಣಶಿ, ಗೇರುಸೊಪ್ಪ ಘಟ್ಟಗಳಲ್ಲಿ ಒಂದು ತಿರುವು ಮುಗಿಯುವುದರೊಳಗೆ ಇನ್ನೊಂದು ಎದುರಾಗುತ್ತದೆ, ವರ್ಷದಲ್ಲಿ ನಾಲ್ಕು ತಿಂಗಳು ಆ ರಸ್ತೆ ಒದ್ದೆಯಾಗಿಯೇ ಇರುತ್ತದೆ. ಅಲ್ಲಿ ಕಾರಿನ ಗುಣವನ್ನು ಟೈರ್, ಬ್ರೇಕು ಮತ್ತು ಸಸ್ಪೆನ್ಷನ್ ನಿರ್ಧರಿಸುತ್ತವೆಯೇ ಹೊರತು ಎಂಜಿನ್ ಅಲ್ಲ.

ಮೊದಲಿಗೆ ‘ಕೂಪೆ’ ಎಂಬ ಪದದ ಬಗ್ಗೆ ಒಂದು ಸ್ಪಷ್ಟನೆ ಬೇಕು. ಕೂಪೆ ಎಂದರೆ ಎರಡೇ ಬಾಗಿಲುಗಳಿರುವ, ಹಿಂಭಾಗಕ್ಕೆ ಇಳಿಜಾರಾಗುವ ತಗ್ಗು ಮಾಡಿನ ಕಾರು. 2024ರಲ್ಲಿ ಬಂದ ಟಾಟಾ ಕರ್ವ್ ಮತ್ತು ಸಿಟ್ರೊಯೆನ್ ಬಸಾಲ್ಟ್‌ಗಳನ್ನು ಕೂಪೆ ಎಂದು ಕರೆಯುವುದುಂಟಾದರೂ ಅವು ಇಳಿಜಾರು ಮಾಡಿನ, ನಾಲ್ಕು ಬಾಗಿಲಿನ ಎಸ್‌ಯುವಿಗಳು. ನಮ್ಮ ನೆರೆಯ ಗೋವಾದಲ್ಲಿ ತಯಾರಾಗುತ್ತಿದ್ದ, ಫೈಬರ್ ಗ್ಲಾಸ್ ಮೈಯ, ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ಅಪರೂಪಕ್ಕೊಮ್ಮೆ ಮಾರಾಟಕ್ಕೆ ಬರುತ್ತದೆ. ಅದು ಸಂಗ್ರಾಹಕರಿಗೆ ಸರಿ, ದಿನಬಳಕೆಗೆ ಬಿಡಿಭಾಗ ಹುಡುಕುವವರಿಗೆ ಸರಿಯಲ್ಲ. ಆದ್ದರಿಂದ ಕೂಪೆಯ ಆಸೆಯನ್ನು ಮಿತ ಹಣದಲ್ಲಿ ಪೂರೈಸಿಕೊಳ್ಳಲು ಇಲ್ಲಿ ಉಳಿಯುವ ದಾರಿ ‘ಹಾಟ್ ಹ್ಯಾಚ್’, ಅಂದರೆ ಸಾಮಾನ್ಯ ಸಣ್ಣ ಕಾರಿನ ಮೈಯಲ್ಲಿ ಚುರುಕಾದ ಎಂಜಿನ್ ಮತ್ತು ಬಿಗಿಯಾದ ಸಸ್ಪೆನ್ಷನ್ ಇರುವ ಕಾರು. ಈ ಲೇಖನ ಅಂಥ ಕಾರುಗಳ ಬಗ್ಗೆ.

1. ಯಾವ ಕಾರು

ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂದಾಗ ಅದರಲ್ಲಿದ್ದುದು 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ ಮತ್ತು ಏಳು ಗೇರಿನ ಡಿಎಸ್‌ಜಿ. ಪಿಎಸ್ ಎಂಬುದು ಮೆಟ್ರಿಕ್ ಅಶ್ವಶಕ್ತಿ. ಟಾರ್ಕ್ ಎಂದರೆ ಚಕ್ರವನ್ನು ತಿರುಗಿಸುವ ಬಲ, ಏರು ರಸ್ತೆಯಲ್ಲಿ ಗೇರ್ ಇಳಿಸದೆ ಮುಂದೆ ಸಾಗಲು ನೆರವಾಗುವುದು ಅದೇ. ಟರ್ಬೊ ಎಂದರೆ ಎಂಜಿನ್ ಹೊರಬಿಡುವ ಹೊಗೆಯ ರಭಸದಿಂದಲೇ ತಿರುಗಿ, ಎಂಜಿನ್‌ನೊಳಕ್ಕೆ ಹೆಚ್ಚು ಗಾಳಿಯನ್ನು ಒತ್ತುವ ಸಾಧನ. ಡಿಎಸ್‌ಜಿಯು ಎರಡು ಕ್ಲಚ್‌ಗಳಿರುವ ಸ್ವಯಂಚಾಲಿತ ಗೇರ್‌ಬಾಕ್ಸ್. ಚೆನ್ನಾಗಿದ್ದಾಗ ಅದರಷ್ಟು ಸೊಗಸು ಬೇರೊಂದಿಲ್ಲ, ಕೆಟ್ಟರೆ ದುರಸ್ತಿಯ ಬಿಲ್ಲು ಬಹಳ ದೊಡ್ಡದು. 2020ರಿಂದ ಪೋಲೊಗೆ ಮೂರು ಸಿಲಿಂಡರಿನ, 1.0 ಲೀಟರಿನ, 110 ಪಿಎಸ್ ಟರ್ಬೊ ಎಂಜಿನ್ ಆರು ಗೇರಿನ ಮ್ಯಾನುಯಲ್‌ನೊಂದಿಗೂ ಸಿಕ್ಕಿತು. ಈ ಕಾರು 2022ರಲ್ಲಿ ನಿಂತಿತು. ಘಟ್ಟದ ಮೇಲಿನವರು ಯಾರೇ ಕೇಳಿದರೂ ನಾನು ಮೊದಲು ಹೇಳುವ ಹೆಸರು ಈ 1.0 ಮ್ಯಾನುಯಲ್ ಪೋಲೊ.

2017ರಲ್ಲಿ ಬಂದು 2020ರ ಸುಮಾರಿಗೆ ನಿಂತ ಮಾರುತಿ ಬಲೆನೊ ಆರ್‌ಎಸ್ ಇನ್ನೊಂದು ಒಳ್ಳೆಯ ಆಯ್ಕೆ. ಅದರ 1.0 ಲೀಟರ್ ಬೂಸ್ಟರ್‌ಜೆಟ್ ಎಂಜಿನ್ 102 ಪಿಎಸ್ ಕೊಡುತ್ತದೆ, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದೆ, ಮೈಯ ಬಿಡಿಭಾಗಗಳು ಸಾಮಾನ್ಯ ಬಲೆನೊದವೇ ಆದ್ದರಿಂದ ಸುಲಭವಾಗಿ ಸಿಗುತ್ತವೆ. ಹ್ಯುಂಡೈ ಐ20 ಎನ್ ಲೈನ್ (2021, 120 ಪಿಎಸ್) ಮತ್ತು ಟಾಟಾ ಆಲ್ಟ್ರೋಜ್ ರೇಸರ್ (2024, 120 ಪಿಎಸ್) ಹೊಸವಾದ್ದರಿಂದ ಬೆಲೆ ಹೆಚ್ಚು. 2015ರ ಅಬಾರ್ತ್ ಪುಂಟೊ ಇವೆಲ್ಲಕ್ಕಿಂತ ಹೆಚ್ಚು ಬಲವುಳ್ಳದ್ದು, ಆದರೆ ಅದನ್ನು ತಯಾರಿಸಿದ ಫಿಯಟ್ ಭಾರತದಲ್ಲಿ ಕಾರು ಮಾರಾಟವನ್ನೇ ನಿಲ್ಲಿಸಿರುವುದರಿಂದ ಮನೆಯಲ್ಲಿ ಇನ್ನೊಂದು ಕಾರು ಇಲ್ಲದವರು ಅದರ ಗೊಡವೆಗೆ ಹೋಗಬಾರದು.

ಇದೇ ಮೊದಲ ಕಾರು, ಹಣವೂ ಬಿಗಿ ಎನ್ನುವವರು 2018ರ ಪೀಳಿಗೆಯ ಪೆಟ್ರೋಲ್ ಸ್ವಿಫ್ಟ್ ನೋಡಬೇಕು. ಟರ್ಬೊ ಇಲ್ಲದ ಅದರ 1.2 ಲೀಟರ್ ಎಂಜಿನ್ 83 ಪಿಎಸ್ ಮಾತ್ರ ಕೊಡುತ್ತದೆ (2021ರಿಂದ 90), ಆದರೆ ಕಾರಿನ ತೂಕ 900 ಕಿಲೊ ಒಳಗೇ ಇದೆ. ಹಗುರವಾದ ಕಾರಿಗೆ ನಿಲ್ಲಲು ಕಡಿಮೆ ಬ್ರೇಕು ಸಾಕು, ತಿರುಗಲು ಕಡಿಮೆ ಟೈರು ಸಾಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಅದನ್ನು ರಿಪೇರಿ ಮಾಡಲು ಬಲ್ಲವರು ಸಿದ್ದಾಪುರದಲ್ಲಿಯೂ ಸಿಗುತ್ತಾರೆ, ಜೊಯಿಡಾದಲ್ಲಿಯೂ ಸಿಗುತ್ತಾರೆ ಎಂಬುದು ಸಣ್ಣ ಮಾತಲ್ಲ. ಟರ್ಬೊ ಅಥವಾ ಡಿಎಸ್‌ಜಿ ಕಾರು ಕೊಳ್ಳುವವರು, ಅದನ್ನು ಬಲ್ಲ ಮೆಕ್ಯಾನಿಕ್‌ಗಾಗಿ ಹುಬ್ಬಳ್ಳಿ, ಬೆಳಗಾವಿ, ಮಡಗಾಂವ್ ಅಥವಾ ಮಂಗಳೂರಿಗೆ ಹೋಗಬೇಕಾಗಬಹುದು ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೈಯಲ್ಲಿರುವ ಪೂರ್ತಿ ಹಣವನ್ನು ಕೊಳ್ಳಲು ಸುರಿಯಬೇಡಿ. ಕಾರಿನ ಬೆಲೆಯ ಕಾಲು ಭಾಗದಷ್ಟನ್ನು ಮೊದಲ ವರ್ಷದ ರಿಪೇರಿಗೆಂದು ಎತ್ತಿಡಿ.

2. ಕೊಳ್ಳುವ ಮುನ್ನ ಪರೀಕ್ಷೆ

ಬೆಂಗಳೂರಿನವರಿಗೆ ಬರೆದ ಪರೀಕ್ಷೆಯ ಪಟ್ಟಿಗಳು ನಮಗೆ ಸಾಲುವುದಿಲ್ಲ. ಕಡಲ ಗಾಳಿಯ ಉಪ್ಪು, ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು, ಜೊತೆಗೆ ಮಳೆಗಾಲದ ತೇವ ಸೇರಿ ಇಲ್ಲಿನ ಕಾರುಗಳನ್ನು ಕೆಳಗಿನಿಂದ ತಿನ್ನುತ್ತವೆ. ಮೇಲಿನ ಪೇಂಟು ಹೊಳೆಯುತ್ತಿರುತ್ತದೆ, ಅಡಿಯಲ್ಲಿ ತುಕ್ಕು ಹರಡಿರುತ್ತದೆ. ಆದ್ದರಿಂದ ಕಾರನ್ನು ಗ್ಯಾರೇಜಿಗೆ ಒಯ್ದು ಲಿಫ್ಟ್ ಮೇಲೆ ಎತ್ತಿಸಿ ನೋಡದೆ ಮುಂಗಡ ಕೊಡಬೇಡಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಆ ಕಾರನ್ನು ಬಿಟ್ಟುಬಿಡಿ.

ಅಡಿಯಲ್ಲಿ ನೋಡಬೇಕಾದ ಜಾಗಗಳು ಇವು: ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಪಟ್ಟಿ, ಬಾಗಿಲಿನ ತಳದಲ್ಲಿ ನೀರು ಇಳಿಯಲು ಇರುವ ರಂಧ್ರಗಳು, ಹಿಂದಿನ ಚಕ್ರಗಳ ಮೇಲಿನ ಕಮಾನು, ಸ್ಟೆಪ್ನಿ ಇಡುವ ಗುಂಡಿ, ಬಾನೆಟ್ ತೆರೆದಾಗ ಶಾಕ್ ಅಬ್ಸಾರ್ಬರಿನ ತುದಿ ಬಂದು ಕೂರುವ ಗೋಪುರದಂಥ ಭಾಗ, ಬ್ರೇಕಿನ ಲೋಹದ ಕೊಳವೆಗಳು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಲೋಹ ಟಣ್ಣೆನ್ನುತ್ತದೆ, ಒಳಗೆ ತುಕ್ಕು ಹಿಡಿದದ್ದು ಮಂಕಾಗಿ ಸದ್ದು ಮಾಡುತ್ತದೆ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲು ಮತ್ತು ಮಡ್‌ಗಾರ್ಡ್ ಮೇಲೆ ಹಾಯಿಸಿ. ಅದು ಅಂಟದ ಕಡೆ ಪೇಂಟಿನಡಿ ಪುಟ್ಟಿ ಮೆತ್ತಲಾಗಿದೆ ಎಂದರ್ಥ. ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅದನ್ನು ಆರೈಕೆಯ ಗುರುತೆಂದು ತಿಳಿಯಬೇಡಿ. ಏನನ್ನೋ ಮುಚ್ಚಲು ಬಳಿದಿರುವ ಸಾಧ್ಯತೆಯೂ ಅಷ್ಟೇ ಇದೆ.

ಎರಡನೆಯ ಅಪಾಯ ನೆರೆಯಲ್ಲಿ ಮುಳುಗಿದ ಕಾರು. 2019ರ ಆಗಸ್ಟಿನಲ್ಲಿ ಕಾಳಿ ಮತ್ತು ಗಂಗಾವಳಿಯ ದಂಡೆಗಳಲ್ಲಿ ಬಂದ ನೆರೆಯನ್ನು ಇಲ್ಲಿನವರು ಮರೆತಿಲ್ಲ. ನೀರಿಗಿಳಿದ ಕಾರನ್ನು ತೊಳೆದು ಒಣಗಿಸಿ ಬೇರೆ ಊರಿನಲ್ಲಿ ಮಾರುವುದು ಕಷ್ಟವಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಅದರ ಬುಡದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದಿವೆಯೇ, ಕಾರ್ಪೆಟ್ಟಿನಡಿಯ ಸ್ಪಂಜು ತೇವವಾಗಿದೆಯೇ, ಫ್ಯೂಸ್ ಪೆಟ್ಟಿಗೆಯ ತಾಮ್ರದ ಭಾಗಗಳಿಗೆ ಹಸಿರು ಕಿಲುಬು ಬಂದಿದೆಯೇ ಎಂಬುದನ್ನು ನೋಡಿ. ಕಾರಿನೊಳಗೆ ಸುಗಂಧ ದ್ರವ್ಯದ ವಾಸನೆ ಅತಿಯಾಗಿದ್ದರೂ ಅನುಮಾನಪಡಿ.

ಎಂಜಿನ್ ಪರೀಕ್ಷೆಗೆ ಬೆಳಿಗ್ಗೆ, ಕಾರು ರಾತ್ರಿಯಿಡೀ ನಿಂತ ನಂತರವೇ ಹೋಗಿ. ಬಿಸಿಯಾದ ಎಂಜಿನ್ ತನ್ನ ಅನೇಕ ದೋಷಗಳನ್ನು ಮರೆಮಾಡುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಸಿಲಿಂಡರಿನೊಳಕ್ಕೆ ಸೋರುತ್ತಿರಬಹುದು. ಸ್ಟೀರಿಂಗಿನ ಕೆಳಗಿರುವ ಒಬಿಡಿ ಸಾಕೆಟ್‌ಗೆ, ಅಂದರೆ ಕಾರಿನ ಕಂಪ್ಯೂಟರು ದಾಖಲಿಸಿದ ದೋಷಗಳನ್ನು ಓದುವ ಕಿಂಡಿಗೆ, ಸ್ಕ್ಯಾನರ್ ಹಾಕಿಸಿ ನೋಡಿ. ನಂತರ ಏರು ರಸ್ತೆಯಲ್ಲಿ ಓಡಿಸಿ. ಕುಮಟಾದಲ್ಲಿ ಕಾರು ನೋಡಿದವರು ದೇವಿಮನೆಯ ಮೊದಲ ಕೆಲವು ತಿರುವುಗಳವರೆಗೆ ಹೋಗಿ ಬಂದರೆ ಕ್ಲಚ್ ಜಾರುತ್ತಿದೆಯೇ, ಇಳಿಯುವಾಗ ಬ್ರೇಕ್ ಪೆಡಲ್ ನಡುಗುತ್ತದೆಯೇ, ಡಿಎಸ್‌ಜಿ ಇದ್ದರೆ ನಿಧಾನಗತಿಯಲ್ಲಿ ಜಗ್ಗುತ್ತದೆಯೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಈಗಾಗಲೇ ಬಹಳ ಮಾರ್ಪಾಡು ಮಾಡಿದ ಕಾರು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಮತ್ತೊಬ್ಬರು ಕತ್ತರಿಸಿ ಜೋಡಿಸಿದ ವೈರಿಂಗಿನಲ್ಲಿ ದೋಷ ಹುಡುಕುವುದಕ್ಕಿಂತ, ಕಂಪನಿಯಿಂದ ಬಂದ ಹಾಗೆಯೇ ಉಳಿದಿರುವ ಕಾರಿಗೆ ಸ್ವಲ್ಪ ಹೆಚ್ಚು ಕೊಡುವುದೇ ಮೇಲು.

3. ಕಾಗದ ಪತ್ರ, ಮುಖ್ಯವಾಗಿ ಗೋವಾ ನೋಂದಣಿಯ ಕಾರುಗಳು

ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಇಂಥ ಕಾರುಗಳು ಹೆಚ್ಚು ಸಿಗುತ್ತವೆ, ಬೆಲೆಯೂ ಕಡಿಮೆ ಕಾಣುತ್ತದೆ. ಆದರೆ ಗೋವಾದಲ್ಲಿ ಕಟ್ಟಿದ ರಸ್ತೆ ತೆರಿಗೆ ಕರ್ನಾಟಕದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯುವುದು ಕಡ್ಡಾಯ, ಆಗ ಕಾರಿನ ಬೆಲೆ ಮತ್ತು ವಯಸ್ಸನ್ನು ನೋಡಿ ಆಜೀವ ತೆರಿಗೆ ವಿಧಿಸುತ್ತಾರೆ. ಆ ಮೊತ್ತವನ್ನು ನಿಮ್ಮ ವ್ಯಾಪ್ತಿಯ ಸಾರಿಗೆ ಕಚೇರಿಯಲ್ಲಿ (ಕಾರವಾರ ಕೆಎ-30, ಶಿರಸಿ ಕೆಎ-31, ಹೊನ್ನಾವರ ಕೆಎ-47, ದಾಂಡೇಲಿ ಕೆಎ-65) ಮೊದಲೇ ಕೇಳಿ ತಿಳಿದುಕೊಂಡು, ಅದನ್ನು ಬೆಲೆಗೆ ಕೂಡಿಸಿ ಚೌಕಾಶಿಗೆ ಕುಳಿತುಕೊಳ್ಳಿ.

ಬೇಕಾಗುವ ಪತ್ರಗಳು: ಮೂಲ ಆರ್‌ಸಿ, ಮಾರಾಟದ ನಮೂನೆ 29 ಮತ್ತು 30, ಹೊರ ರಾಜ್ಯದ ಕಾರಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ (ನಮೂನೆ 28), ಸಾಲದ ಮೇಲೆ ಕೊಂಡ ಕಾರಾಗಿದ್ದರೆ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ನಮೂನೆ 35. ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಯನ್ನು ಕಾರಿನ ಮೇಲೆ ಕೊರೆದ ಸಂಖ್ಯೆಯೊಂದಿಗೆ ನೀವೇ ಹೋಲಿಸಿ. ಕೊಂಡ 14 ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಿ. ಹಳೆಯ ಮಾಲೀಕರ ‘ನೋ ಕ್ಲೇಮ್ ಬೋನಸ್’, ಅಂದರೆ ಪರಿಹಾರ ಕೇಳದ ವರ್ಷಗಳಿಗಾಗಿ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ, ಅವರಲ್ಲಿಯೇ ಉಳಿಯುತ್ತದೆ, ಕಾರಿನ ಜೊತೆ ನಿಮಗೆ ಬರುವುದಿಲ್ಲ.

4. ಮಾರ್ಪಾಡಿಗೆ ಮೊದಲು ಮೂಲ ಸ್ಥಿತಿ

ಇದು ಹೆಚ್ಚಿನವರು ಹಾರಿ ದಾಟುವ ಹಂತ. ಕಾರು ಮನೆಗೆ ಬಂದ ಮೊದಲ ಮೂರು ತಿಂಗಳು ಏನನ್ನೂ ‘ಹೆಚ್ಚು’ ಮಾಡದೆ, ಕಂಪನಿ ಕೊಟ್ಟಾಗ ಅದು ಹೇಗಿತ್ತೋ ಅಲ್ಲಿಗೆ ತರುವ ಕೆಲಸವನ್ನಷ್ಟೇ ಮಾಡಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಎಲ್ಲ ಫಿಲ್ಟರ್‌ಗಳು, ಸ್ಪಾರ್ಕ್ ಪ್ಲಗ್ ಮತ್ತು ಸವೆದ ಬೆಲ್ಟುಗಳನ್ನು, ಮಾರಿದವರು ‘ಮೊನ್ನೆಯಷ್ಟೇ ಹಾಕಿಸಿದ್ದು’ ಎಂದರೂ, ಬದಲಿಸಿ ದಿನಾಂಕ ಬರೆದಿಡಿ. ಸಸ್ಪೆನ್ಷನ್ನಿನ ತೋಳುಗಳಲ್ಲಿರುವ ರಬ್ಬರ್ ಬುಷ್‌ಗಳು ಸವೆದಿದ್ದರೆ ಅವನ್ನು ಹಾಕಿಸಿ. ಎಂಜಿನ್ ಮೌಂಟ್‌ಗಳನ್ನು, ಅಂದರೆ ಎಂಜಿನ್ ಕೂರುವ ರಬ್ಬರ್ ಆಧಾರಗಳನ್ನು, ಪರೀಕ್ಷಿಸಿ. ಇಷ್ಟು ಮಾಡಿದ ಮೇಲೆ ಕಾರು ಎಷ್ಟು ಬದಲಾಗಿದೆಯೆಂದರೆ, ನೀವು ಪಟ್ಟಿ ಮಾಡಿದ್ದ ಅರ್ಧ ಮಾರ್ಪಾಡುಗಳು ಬೇಕಾಗಿಯೇ ಇರಲಿಲ್ಲವೆಂದು ನಿಮಗೇ ಅನಿಸಬಹುದು.

ಪೆಟ್ರೋಲಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ನಿಮ್ಮ ಕಾರು ಅದಕ್ಕೆ ಹೊಂದುತ್ತದೆಯೇ ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಿ. ಹೊಂದದ ಹಳೆಯ ಕಾರುಗಳಲ್ಲಿ ಪೆಟ್ರೋಲ್ ಹಾಯುವ ರಬ್ಬರ್ ಕೊಳವೆಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಬಿರುಕು ಕಂಡರೆ ಬದಲಿಸಬೇಕು. ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ, ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕನ್ನು ಅರ್ಧ ಖಾಲಿ ಬಿಡುವುದು ಸರಿಯಲ್ಲ.

5. ಕಾನೂನು ಮತ್ತು ವಿಮೆ: ಕೈ ಹಾಕುವ ಮೊದಲು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ಮಾಲೀಕರಿಗೆ ವಿಧಿಸಬಹುದೆನ್ನುತ್ತದೆ. ‘ಪ್ರತಿ ಮಾರ್ಪಾಡಿಗೂ’ ಎಂಬುದನ್ನು ಗಮನಿಸಿ.

ಇದರರ್ಥ ಕಾರನ್ನು ಮುಟ್ಟಲೇಬಾರದು ಎಂದಲ್ಲ. ಒಳ್ಳೆಯ ಟೈರ್, ಒಳ್ಳೆಯ ಬ್ರೇಕ್ ಪ್ಯಾಡ್, ಮೂಲ ಎತ್ತರವನ್ನೇ ಉಳಿಸುವ ಉತ್ತಮ ಶಾಕ್ ಅಬ್ಸಾರ್ಬರ್ ಇವೆಲ್ಲ ಸವೆದದ್ದರ ಜಾಗಕ್ಕೆ ಹಾಕುವ ಬಿಡಿಭಾಗಗಳು. ಬಣ್ಣ ಬದಲಿಸುವುದಾದರೆ ಸಾರಿಗೆ ಕಚೇರಿಯ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ಎಂಜಿನ್ ಬದಲಿಗೂ ಮುಂಚಿತ ಅನುಮತಿ ಬೇಕು. ಗಾಜುಗಳ ಮೂಲಕ ಬೆಳಕು ಮುಂದೆ ಮತ್ತು ಹಿಂದೆ ಕನಿಷ್ಠ ಶೇ 70, ಪಕ್ಕಗಳಲ್ಲಿ ಶೇ 50 ಹಾಯಬೇಕು. ಬಂಪರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕುವುದನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ನಿಷೇಧಿಸಿದೆ. ಏನೇ ಬದಲಿಸಿದರೂ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ತಿಳಿಸದ ಮಾರ್ಪಾಡನ್ನೇ ಕಾರಣವಾಗಿಟ್ಟುಕೊಂಡು ಪರಿಹಾರ ನಿರಾಕರಿಸಲು ಅವರಿಗೆ ಅವಕಾಶ ಸಿಗುತ್ತದೆ.

6. ಟೈರ್

ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ಜಾಗದಲ್ಲಿ ಮಾತ್ರ. ಮಾರ್ಪಾಡಿನ ಮೊದಲ ರೂಪಾಯಿ ಅಲ್ಲಿಗೇ ಹೋಗಬೇಕು.

ಟೈರಿನ ಪಕ್ಕದಲ್ಲಿ 185/65 ಆರ್15 ಎಂದು ಬರೆದಿದ್ದರೆ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅಗಲದ ಶೇ 65, ಒಳಗಿನ ರಿಮ್ 15 ಇಂಚು ಎಂದರ್ಥ. ಲೆಕ್ಕ ಹಾಕಿದರೆ ಗೋಡೆ ಸುಮಾರು 120 ಮಿ.ಮೀ., ಇಡೀ ಚಕ್ರದ ವ್ಯಾಸ ಸುಮಾರು 621 ಮಿ.ಮೀ. ಇದಕ್ಕೆ ಬದಲಾಗಿ 195/55 ಆರ್16 ಹಾಕಿದರೆ ವ್ಯಾಸ ಹೆಚ್ಚುಕಡಿಮೆ ಅಷ್ಟೇ ಉಳಿದು ಸ್ಪೀಡೊಮೀಟರ್ ತಪ್ಪು ತೋರಿಸುವುದಿಲ್ಲ, ಆದರೆ ಗೋಡೆ 107 ಮಿ.ಮೀ.ಗೆ ಇಳಿಯುತ್ತದೆ. ಆ 13 ಮಿಲಿಮೀಟರುಗಳ ಬೆಲೆ ಮಳೆಗಾಲದ ಹೊಂಡಗಳಲ್ಲಿ ತಿಳಿಯುತ್ತದೆ: ನೀರು ತುಂಬಿ ಆಳ ಕಾಣದ ಹೊಂಡಕ್ಕೆ ಬಿದ್ದಾಗ ರಿಮ್ ಡೊಂಕಾಗುತ್ತದೆ, ಟೈರಿನ ಪಕ್ಕ ಉಬ್ಬುತ್ತದೆ. ಆದ್ದರಿಂದ ನಮ್ಮ ರಸ್ತೆಗಳಿಗೆ 15 ಇಂಚಿನ ರಿಮ್‌ನಲ್ಲಿಯೇ ಉಳಿದು, ಅದೇ ಹಣದಲ್ಲಿ ಒಳ್ಳೆಯ ದರ್ಜೆಯ ಟೈರ್ ಕೊಳ್ಳಿ ಎನ್ನುತ್ತೇನೆ. ಅಳತೆ ಬದಲಿಸಲೇಬೇಕೆಂದಿದ್ದರೆ ಅದೇ ಮಾದರಿಯ ಮೇಲ್ದರ್ಜೆಯ ಕಾರಿಗೆ ತಯಾರಕರೇ ಕೊಟ್ಟ ಅಳತೆಯನ್ನು ದಾಟಬೇಡಿ.

ಹೊಸ ಅಲಾಯ್ ಕೊಳ್ಳುವಾಗ ಬೋಲ್ಟುಗಳ ವೃತ್ತದ ಅಳತೆ ಹೊಂದಬೇಕು. ಸ್ವಿಫ್ಟ್‌ಗೆ 100 ಮಿ.ಮೀ. ವೃತ್ತದಲ್ಲಿ ನಾಲ್ಕು, ಪೋಲೊಗೆ ಅದೇ ವೃತ್ತದಲ್ಲಿ ಐದು. ನಡುವಿನ ರಂಧ್ರವೂ ಬೇರೆ ಬೇರೆ: ಸ್ವಿಫ್ಟ್‌ಗೆ 54.1, ಪೋಲೊಗೆ 57.1 ಮಿ.ಮೀ. ರಂಧ್ರ ದೊಡ್ಡದಾಗಿದ್ದರೆ ಅಳತೆಗೆ ಸರಿಯಾದ ಉಂಗುರ ಹಾಕಿಸಬೇಕು, ಇಲ್ಲವಾದರೆ ವೇಗ ಏರಿದಾಗ ಸ್ಟೀರಿಂಗ್ ನಡುಗುತ್ತದೆ.

ಟೈರಿನ ಮೇಲಿನ ನಾಲ್ಕಂಕಿಯ ಸಂಖ್ಯೆ ಅದು ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಗೀರುಗಳ ಆಳ ಕಾನೂನಿನ ಪ್ರಕಾರ 1.6 ಮಿ.ಮೀ. ಇದ್ದರೆ ಸಾಕು, ಆದರೆ ನಮ್ಮ ಮಳೆಗೆ ಅದು ಸಾಲದು. ಮೇ ತಿಂಗಳ ಕೊನೆಗೆ 3 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಬದಲಿಸಿಬಿಡಿ. ಗೀರುಗಳು ನೀರನ್ನು ಹೊರಗೆ ತಳ್ಳಲಾಗದೆ ಹೋದಾಗ ಟೈರ್ ನೀರಿನ ಪದರದ ಮೇಲೆ ತೇಲತೊಡಗುತ್ತದೆ, ಆಗ ಸ್ಟೀರಿಂಗೂ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ. ಅಂಕೋಲಾ ಮತ್ತು ಕುಮಟಾ ನಡುವಿನ ನೇರ ಹೆದ್ದಾರಿಯಲ್ಲಿ ಜಡಿಮಳೆಯಲ್ಲಿ ವೇಗವಾಗಿ ಹೋಗುವವರಿಗೆ ಈ ಅಪಾಯ ಘಟ್ಟದಲ್ಲಿರುವುದಕ್ಕಿಂತ ಹೆಚ್ಚು.

7. ಬ್ರೇಕ್

ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕುಮಟಾಕ್ಕೆ ಇಳಿಯುವಾಗ ಕಾರಿನ ಅಷ್ಟೂ ವೇಗವನ್ನು ಬ್ರೇಕಿನಿಂದಲೇ ತಡೆದರೆ ಅದೆಲ್ಲ ಬಿಸಿಯಾಗಿ ಪ್ಯಾಡ್ ಮತ್ತು ಡಿಸ್ಕಿನಲ್ಲಿ ಕೂಡುತ್ತದೆ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುವ ದ್ರವ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ನಂತರದ ಮಟ್ಟ ಕನಿಷ್ಠ 155 ಡಿಗ್ರಿ. ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆಗಳಾಗಿ ಪೆಡಲ್ ನೆಲಕ್ಕೆ ಇಳಿಯುತ್ತದೆ. ನನ್ನ ಮೊದಲ ಕಾರಿನಲ್ಲಿ ದೇವಿಮನೆಯ ಇಳಿಜಾರಿನಲ್ಲಿ ಒಮ್ಮೆ ಪೆಡಲ್ ಹೀಗೆ ಸಡಿಲವಾಗಿತ್ತು. ಆಯಿಲ್ ನಾಲ್ಕು ವರ್ಷ ಹಳೆಯದಾಗಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಸಾಮಾನ್ಯ ನಿಯಮ, ಕರಾವಳಿಯ ತೇವದಲ್ಲಿ ನಾನು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಕೆಲವೇ ನೂರು ರೂಪಾಯಿಗಳ ಈ ಕೆಲಸ ಯಾವ ದೊಡ್ಡ ಡಿಸ್ಕ್‌ಗಿಂತಲೂ ಮುಖ್ಯ.

ಆಮೇಲಿನದು ಪ್ಯಾಡ್. ರೇಸಿಗೆಂದು ಮಾಡಿದ ಪ್ಯಾಡ್‌ಗಳು ಚೆನ್ನಾಗಿ ಬಿಸಿಯಾದ ಮೇಲಷ್ಟೇ ಹಿಡಿಯುತ್ತವೆ. ಬೆಳಗಿನ ತಂಪಿನಲ್ಲಿ ಮನೆಯ ಗೇಟಿನಾಚೆ ಮಗು ಅಡ್ಡ ಬಂದರೆ ಅವು ನಿಮ್ಮನ್ನು ಕೈಬಿಡುತ್ತವೆ. ರಸ್ತೆ ಬಳಕೆಗೆಂದೇ ಇರುವ, ಒಳ್ಳೆಯ ತಯಾರಕರ ಪ್ಯಾಡನ್ನೇ ಕೊಳ್ಳಿ. ಹಿಂದೆ ಡ್ರಮ್ ಬ್ರೇಕ್ ಇರುವ ಪೋಲೊ, ಸ್ವಿಫ್ಟ್‌ಗಳಿಗೆ ಡಿಸ್ಕ್ ಕೂರಿಸುವ ಕೆಲಸ ಬೇಡ. ಮುಂದೆ ಮತ್ತು ಹಿಂದೆ ಬ್ರೇಕಿನ ಬಲವನ್ನು ಕಂಪನಿ ಹಂಚಿದ ಲೆಕ್ಕ ಅದರಿಂದ ತಪ್ಪುತ್ತದೆ. ಯಾವ ಗೇರಿನಲ್ಲಿ ಘಟ್ಟ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಡ್ರೈವರುಗಳ ಮಾತು ಸ್ಪೋರ್ಟ್ಸ್ ಕಾರಿಗೂ ಅನ್ವಯಿಸುತ್ತದೆ. ಡಿಎಸ್‌ಜಿ ಇದ್ದವರು ಇಳಿಯುವಾಗ ಗೇರನ್ನು ಮ್ಯಾನುಯಲ್‌ಗೆ ತಂದುಕೊಳ್ಳಬೇಕು.

8. ಸಸ್ಪೆನ್ಷನ್

ಕಾರು ತಗ್ಗಿದಷ್ಟೂ ಚೆಂದ ಕಾಣುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಸ್ವಿಫ್ಟ್‌ನ ತಳಕ್ಕೂ ನೆಲಕ್ಕೂ ಇರುವ ಅಂತರವೇ 163 ಮಿ.ಮೀ.; ಅದರಲ್ಲಿ 30 ತಗ್ಗಿಸಿ, ನಾಲ್ವರನ್ನು ಕೂರಿಸಿ, ಚಿರೇಕಲ್ಲಿನ ಮನೆದಾರಿಗೆ ಇಳಿಸಿದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ (ಆಯಿಲ್ ಸಂಪ್) ಕಲ್ಲಿಗೆ ತಾಗುತ್ತದೆ. ಮೂಲ ಸ್ಪ್ರಿಂಗನ್ನು ಗರಗಸದಿಂದ ಕತ್ತರಿಸಿ ತಗ್ಗಿಸುವವರನ್ನಂತೂ ಹತ್ತಿರ ಸೇರಿಸಬೇಡಿ. ಅಂಥ ಸ್ಪ್ರಿಂಗ್ ಹಾರಿದ ಹೊಡೆತಕ್ಕೆ ತನ್ನ ಜಾಗದಿಂದ ಕಳಚಬಹುದು.

ಸವೆದ ಶಾಕ್ ಅಬ್ಸಾರ್ಬರುಗಳ ಜಾಗಕ್ಕೆ ಮೂಲ ಎತ್ತರದ, ತುಸು ಬಿಗಿಯಾದ ಗ್ಯಾಸ್ ತುಂಬಿದ ಜೋಡಿಗಳನ್ನು, ಯಾವಾಗಲೂ ಮುಂದಿನ ಎರಡು ಅಥವಾ ಹಿಂದಿನ ಎರಡು ಒಟ್ಟಿಗೆ, ಹಾಕಿಸಿ. ಕೂಡಲೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಅಂದರೆ ಚಕ್ರಗಳ ಕೋನವನ್ನು ಸರಿಪಡಿಸಿ. ಇದನ್ನು ಮರೆತರೆ ಹೊಸ ಟೈರುಗಳು ಕೆಲವೇ ಸಾವಿರ ಕಿಲೊಮೀಟರುಗಳಲ್ಲಿ ಒಂದು ಪಕ್ಕ ತಿಂದುಹೋಗುತ್ತವೆ. ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾಗಿ, ಸ್ಟೀರಿಂಗ್ ಕೈಯ ಮಾತು ಕೇಳತೊಡಗಿದಾಗ ಸಿಗುವ ಸಂತೋಷ ಹತ್ತು ಅಶ್ವಶಕ್ತಿ ಹೆಚ್ಚಿಸಿದರೂ ಸಿಗುವುದಿಲ್ಲ.

9. ದೀಪ

ಎಚ್4 ಹ್ಯಾಲೊಜನ್ ಬಲ್ಬಿನ ಪ್ರಮಾಣ 60/55 ವಾಟ್. 100/90 ವಾಟಿನವು ನಿಯಮಕ್ಕೆ ವಿರುದ್ಧ, ಹೋಲ್ಡರನ್ನೂ ಕರಗಿಸುತ್ತವೆ. ಘಟ್ಟದ ಮಂಜಿನಲ್ಲಿ ಹೈ ಬೀಮ್ ನಿಮ್ಮ ಕಣ್ಣಿಗೇ ತಿರುಗಿ ಹೊಡೆಯುತ್ತದೆ. ತಗ್ಗಿನಲ್ಲಿ ಕೂರಿಸಿದ ಫಾಗ್ ಲ್ಯಾಂಪ್, ಸ್ವಚ್ಛವಾದ ಹೆಡ್‌ಲೈಟ್ ಗಾಜು ಮತ್ತು ಹೊಸ ವೈಪರ್ ಬ್ಲೇಡ್ ಇಷ್ಟಿದ್ದರೆ ಸಾಕು.

10. ಕೊನೆಗೆ ಎಂಜಿನ್

ಇಲ್ಲಿಯವರೆಗಿನ ಕೆಲಸ ಮುಗಿಯಲು ಒಂದೆರಡು ವರ್ಷ ಹಿಡಿಯುತ್ತದೆ, ಹಿಡಿಯಲಿ. ಶಕ್ತಿ ಹೆಚ್ಚಿಸುವ ಮಾತು ಬಂದಾಗ ಮೊದಲು ಕೇಳಿಬರುವುದು ರೀಮ್ಯಾಪ್. ಎಂಜಿನ್ನಿಗೆ ಎಷ್ಟು ಪೆಟ್ರೋಲ್, ಯಾವ ಕ್ಷಣಕ್ಕೆ ಕಿಡಿ, ಎಷ್ಟು ಟರ್ಬೊ ಒತ್ತಡ ಎಂದು ನಿರ್ಧರಿಸುವ ಕಂಪ್ಯೂಟರಿನ ಲೆಕ್ಕಗಳನ್ನು ಬದಲಿಸುವುದೇ ಅದು. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಇದರಿಂದ ಸಿಗುವ ಲಾಭ ಹಣಕ್ಕೆ ತಕ್ಕದ್ದಲ್ಲ. ಟರ್ಬೊ ಎಂಜಿನ್ನಿನಲ್ಲಿ ಲಾಭ ಎದ್ದು ಕಾಣುತ್ತದೆ, ಆದರೆ ಅದರ ಭಾರ ಕ್ಲಚ್, ಗೇರ್‌ಬಾಕ್ಸ್ ಮತ್ತು ಟರ್ಬೊದ ಮೇಲೆ ಬೀಳುತ್ತದೆ, ಖಾತರಿ ರದ್ದಾಗುತ್ತದೆ, ಹೊಗೆಯ ಪ್ರಮಾಣ ಮಿತಿ ಮೀರಿದರೆ ಕಾನೂನೂ ಅಡ್ಡ ಬರುತ್ತದೆ. ಸಾರ್ವಜನಿಕ ರಸ್ತೆಯಲ್ಲಷ್ಟೇ ಓಡಿಸುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಸೈಲೆನ್ಸರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ವಿಷಾನಿಲಗಳನ್ನು ಕಡಿಮೆ ಹಾನಿಕರ ಅನಿಲಗಳಾಗಿ ಬದಲಿಸುವ ಭಾಗವನ್ನು ತೆಗೆಸಿ ಕೊಳವೆ ಹಾಕಿಸುವುದು ತಪ್ಪು. ಆಕ್ಸಿಜನ್ ಸೆನ್ಸರ್ ಅದನ್ನು ಪತ್ತೆ ಹಚ್ಚಿ ಎಚ್ಚರಿಕೆಯ ದೀಪ ಹೊತ್ತಿಸುತ್ತದೆ. ತೆರೆದ ಏರ್ ಫಿಲ್ಟರ್ ಇನ್ನೊಂದು ಸಾಮಾನ್ಯ ತಪ್ಪು: ಡಬ್ಬಿಯಿಲ್ಲದ ಅಂಥ ಫಿಲ್ಟರ್ ಎಂಜಿನ್ನಿನ ಬಿಸಿ ಗಾಳಿಯನ್ನೇ ಹೀರುತ್ತದೆ. ಬಂಪರಿನ ಕೆಳಗೆ ಇಳಿಸಿದ ಕೊಳವೆ ತಂಪಾದ ಗಾಳಿಯನ್ನೇನೋ ಕೊಡುತ್ತದೆ, ಆದರೆ ನೀರು ನಿಂತ ರಸ್ತೆಯಲ್ಲಿ ಅದು ಹೀರುವುದು ನೀರನ್ನು. ಮೂಲ ಡಬ್ಬಿಯೊಳಗೇ ಹೊಸ ಫಿಲ್ಟರ್ ಹಾಕಿ ಬಿಟ್ಟುಬಿಡಿ.

11. ಮಳೆಗಾಲದ ಆರೈಕೆ

ಮೇ ತಿಂಗಳಲ್ಲಿ ಕಾರಿನ ಅಡಿಯನ್ನು ಸಿಹಿನೀರಿನಲ್ಲಿ ಒತ್ತಡದಿಂದ ತೊಳೆಸಿ, ಪೂರ್ತಿ ಒಣಗಿಸಿ, ತುಕ್ಕಿದ್ದ ಕಡೆ ಉಜ್ಜಿ ಪ್ರೈಮರ್ ಬಳಿದ ನಂತರವೇ ಕೋಟಿಂಗ್ ಹಾಕಿಸಿ. ತುಕ್ಕಿನ ಮೇಲೆಯೇ ಬಳಿದ ರಬ್ಬರ್ ಕೋಟಿಂಗ್ ತೇವವನ್ನು ಒಳಗೆ ಹಿಡಿದಿಟ್ಟು ತುಕ್ಕನ್ನು ಬೆಳೆಸುತ್ತದೆ. ಬಾಗಿಲ ತಳದ ರಂಧ್ರಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಕಡಲ ತೀರದ ಮರಳಿಗೆ ಕಾರು ಇಳಿಸುವ ಚಟವಿದ್ದರೆ ಬಿಡಿ. ಬಿಡಲಾಗದಿದ್ದರೆ ಅಂದೇ ಸಂಜೆ ಅಡಿಯನ್ನು ತೊಳೆಯಿರಿ. ತೋಟದ ಮನೆಗಳಲ್ಲಿ ಇಲಿಗಳು ಮಳೆಗೆ ಹೆದರಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುತ್ತವೆ. ಕೊಟ್ಟಿಗೆ ಅಥವಾ ಅಡಿಕೆ ಮೂಟೆಗಳ ಪಕ್ಕ ನಿಲ್ಲಿಸದೆ ಬೆಳಕಿರುವ ಕಡೆ ನಿಲ್ಲಿಸಿ, ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡಿ.

ವಿಮೆ ನವೀಕರಿಸುವಾಗ ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯವನ್ನು ಸೇರಿಸಿಕೊಳ್ಳಿ. ಸಿಲಿಂಡರಿನೊಳಗೆ ಸೇರಿದ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಪಿಸ್ಟನ್ ಅದನ್ನು ಒತ್ತಲು ಹೋದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ಪಾಲಿಸಿಗಳಲ್ಲಿ ಈ ಹಾನಿಗೆ ಪರಿಹಾರ ಸಿಗುವುದು ಕಷ್ಟ. ನೀರು ನಿಂತ ಕಡೆ ಕಾರು ಆಫ್ ಆಗಿಬಿಟ್ಟರೆ ಮತ್ತೆ ಸ್ಟಾರ್ಟ್ ಮಾಡಲು ಕೀಲಿ ತಿರುಗಿಸಬೇಡಿ. ನ್ಯೂಟ್ರಲ್‌ಗೆ ಹಾಕಿ, ನಾಲ್ಕು ಜನರ ನೆರವಿನಿಂದ ತಳ್ಳಿ ಎತ್ತರದ ಜಾಗಕ್ಕೆ ತನ್ನಿ, ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಿ, ಕಾರನ್ನು ಲಾರಿಯ ಮೇಲೆ ಗ್ಯಾರೇಜಿಗೆ ಕಳುಹಿಸಿ. ಏರ್ ಫಿಲ್ಟರ್ ತೆರೆದು ನೋಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿನ ನೀರು ಹೊರತೆಗೆಯುವವರೆಗೆ ಎಂಜಿನ್ ತಿರುಗಿಸಲು ಯಾರಿಗೂ ಬಿಡಬೇಡಿ.